ತಮ್ಮನ ಹುಟ್ಟಿದ ವರ್ಷ

ಬಸ್ ಪಾಸ್ ಮಾತುಗಳು | 14

1/4

ನನ್ನ ತಮ್ಮ ಹುಟ್ಟಿದ್ದು 2011ರಲ್ಲಿ. ಈ ಆ್ಯಪ್ ಪ್ರಕಾರ ಅವನು ಹುಟ್ಟಿದ್ದು 2003ರಲ್ಲಿ. ಅಂದ್ರೆ ಇಲ್ಲಿ ಅವನು ನನಗೆ ಅಣ್ಣ ಆಗ್ಬೇಕು.

ಆ 2003 ಹಾಕಿದ್ದು ನಾನೇ. 2022ರ ಬೇಸಿಗೆ ರಜೆ, ಅವನಿಗೆ ಆಗ 11 ವರ್ಷ. "ಅಕ್ಕ, ನಂಗೂ ಒಂದ್ ಅಕೌಂಟ್ ಮಾಡಿಕೊಡೇ" ಅಂತ ನಾಲ್ಕು ದಿನ ಹಿಂದೆ ಬಿದ್ದಿದ್ದ. 13 ತುಂಬದೆ ಅಕೌಂಟ್ ಮಾಡೋ ಹಾಗಿಲ್ಲ ಅನ್ನೋದು ನನಗೆ ಗೊತ್ತಿತ್ತು. ವರ್ಷಗಳ ಪಟ್ಟಿ ಸರಿಸಿದೆ, ಬೆರಳು ಎಲ್ಲಿ ನಿಲ್ತೋ ಅಲ್ಲಿ ಒತ್ತಿದೆ. ಹತ್ತು ಸೆಕೆಂಡಿನ ಕೆಲಸ.

ಈಗ ಅವನು ಒಂಬತ್ತನೇ ಕ್ಲಾಸ್. ಹೋದ ತಿಂಗಳು ಅವನ ಸ್ಕೂಲಿಂದ ಅಮ್ಮನಿಗೆ ಫೋನ್ ಬಂತು. ಬ್ಯಾಗಲ್ಲಿ ಮೊಬೈಲ್ ಸಿಕ್ಕಿದೆ, ಬಂದು ತಗೊಂಡ್ ಹೋಗಿ. ಮೊದಲ ಪೀರಿಯಡ್ಡಲ್ಲೇ ತೂಕಡಿಸ್ತಾನೆ, ರಾತ್ರಿ ಏನ್ ಮಾಡ್ತಾನೆ ಸ್ವಲ್ಪ ನೋಡಿ ಅಂತ. ಅಮ್ಮ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಹೋಗಿ, ಎಲ್ಲರ ಎದುರು ತಲೆ ತಗ್ಗಿಸಿ ನಿಂತು ಬಂದ್ಲು. ನಾನು ಅವತ್ತು ದಾವಣಗೆರೆಯಲ್ಲಿ ಕಾಲೇಜಲ್ಲಿದ್ದೆ. ಅಲ್ಲಿ ನಿಲ್ಲಬೇಕಾಗಿದ್ದಿದ್ದು ನಾನು.

ಹೈಸ್ಕೂಲ್ ಮಕ್ಕಳ ಫೋನಿಗೆ ಮಿತಿ ಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ. ಬೆಳಗ್ಗೆ ಹರಿಹರದಿಂದ ಬರೋ ಬಸ್ಸಲ್ಲಿ ಯೂನಿಫಾರ್ಮ್ ಹಾಕಿದ ಹುಡುಗರನ್ನ ದಿನಾ ನೋಡ್ತೀನಿ. ದೊಡ್ಡಬಾತಿ ಯಾವಾಗ ಬಂತು, ಯಾವಾಗ ಹೋಯ್ತು, ಒಬ್ಬನಿಗೂ ಗೊತ್ತಾಗಲ್ಲ. ನನ್ನ ಪ್ರಶ್ನೆ ಬೇರೆ. ಮಿತಿ ಹಾಕೋರು ಯಾರು? ಅದು ಬೀಳೋದು ಯಾರ ಮೇಲೆ?

2/4

ಫೋನ್ ನಮ್ಮನೆಗೆ ಬಂದಿದ್ದು ಪಾಠಕ್ಕೆ. 2020ರ ಮಾರ್ಚಲ್ಲಿ ಸ್ಕೂಲ್ ಮುಚ್ಚಿದಾಗ ನಾನು ಒಂಬತ್ತನೇ ಕ್ಲಾಸ್. ಹತ್ತಕ್ಕೆ ಬಂದ ಮೇಲೆ ಚಂದನದಲ್ಲಿ ಸಂವೇದ ಪಾಠ ಬರ್ತಿತ್ತು, ಉಳಿದಿದ್ದೆಲ್ಲ ವಾಟ್ಸ್‌ಆ್ಯಪ್. ಅಪ್ಪಾಜಿ ಗೂಡ್ಸ್ ಗಾಡಿ ಓಡಿಸ್ತಾರೆ. ಅವರು ಬಾಡಿಗೆಗೆ ಹೋದ್ರೆ ಫೋನೂ ಹೋಗ್ತಿತ್ತು, ನನ್ನ ಕ್ಲಾಸೂ ಹೋಗ್ತಿತ್ತು. ಕೊನೆಗೆ ಕಂತಿನ ಮೇಲೆ ಇನ್ನೊಂದು ತಂದ್ರು. 2021ರ ಜುಲೈ 19 ಮತ್ತು 22, ಎರಡೇ ದಿನ ಪರೀಕ್ಷೆ ಬರೆದು ಎಸ್ಸೆಸ್ಸೆಲ್ಸಿ ಮುಗಿಸಿದ ಬ್ಯಾಚ್ ನಮ್ಮದು. ಪರೀಕ್ಷೆ ಮುಗೀತು, ಕಂತೂ ತೀರಿತು. ಫೋನ್ ಮಾತ್ರ ಮನೇಲೇ ಉಳೀತು, ಮುಂದೆ ತಮ್ಮನ ಕೈಗೆ ಬಂತು.

ಅಲ್ಲಿಂದೀಚೆಗೆ ಕಾನೂನಿನ ಮಾತು ಜೋರಾಗಿದೆ. 2023ರ ಸೆಪ್ಟೆಂಬರಲ್ಲಿ ನಮ್ಮ ಹೈಕೋರ್ಟ್ ಪೀಠವೊಂದು, ಶಾಲೆ ಮಕ್ಕಳು ಸೋಶಿಯಲ್ ಮೀಡಿಯಾಗೆ ಅಂಟಿಕೊಂಡಿದ್ದಾರೆ, ವಯಸ್ಸಿನ ಮಿತಿ ತರಬೇಕು ಅಂತ ವಿಚಾರಣೆ ವೇಳೆ ಮೌಖಿಕವಾಗಿ ಹೇಳಿತ್ತು. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16 ತುಂಬದವರಿಗೆ ಅಕೌಂಟೇ ಇಲ್ಲ. ತಪ್ಪಿದ್ರೆ ದಂಡ ಮಕ್ಕಳಿಗೂ ಇಲ್ಲ, ಅಪ್ಪ ಅಮ್ಮನಿಗೂ ಇಲ್ಲ, ಕಂಪನಿಗೆ. ನಮ್ಮ ದೇಶದ 2023ರ ಡೇಟಾ ರಕ್ಷಣೆ ಕಾನೂನು, 18 ತುಂಬದವರ ಮಾಹಿತಿ ಬಳಸೋಕೆ ಪೋಷಕರ ಒಪ್ಪಿಗೆ ಬೇಕು ಅನ್ನುತ್ತೆ.

ಎಲ್ಲಾ ಸರಿ. ಆದ್ರೆ ನಮ್ಮ ಮನೆಗಳಲ್ಲಿ ಇದು ಹೇಗೆ ನಡೆಯುತ್ತೆ ಹೇಳ್ಲಾ? ಓಟಿಪಿ ಬರೋದು ಅಪ್ಪಾಜಿ ನಂಬರಿಗೆ. ಆ ಓಟಿಪಿ ಓದಿ ಹೇಳೋನು ತಮ್ಮ. ಬಿಕಾಂನಲ್ಲಿ ಆಡಿಟಿಂಗ್ ಓದಿದೋರಿಗೆ ಇಂಟರ್ನಲ್ ಚೆಕ್ ಗೊತ್ತಿರುತ್ತೆ: ದುಡ್ಡು ಮುಟ್ಟೋನೇ ಲೆಕ್ಕ ಬರೀಬಾರದು. ನಮ್ಮನೇಲಿ ದುಡ್ಡು ಮುಟ್ಟೋನೂ ಅವನೇ, ಲೆಕ್ಕ ಬರೆಯೋನೂ ಅವನೇ, ಸಹಿ ಹಾಕಿ ಕೊಟ್ಟವಳು ನಾನು.

ಆ ಸುಳ್ಳಿನಿಂದ ಏನಾಯ್ತು ಅಂತ ನನಗೆ ಗೊತ್ತಾಗಿದ್ದು ತಡವಾಗಿ. ಈ ಆ್ಯಪ್‌ನಲ್ಲಿ 18ರ ಒಳಗಿನವರಿಗೆ ಟೀನ್ ಅಕೌಂಟ್ ಅಂತ ಬಂದಿದೆ. ಅಕೌಂಟ್ ತಾನಾಗೇ ಪ್ರೈವೇಟ್, ರಾತ್ರಿ 10ರಿಂದ ಬೆಳಗ್ಗೆ 7ರವರೆಗೆ ನೋಟಿಫಿಕೇಶನ್ ಬಂದ್, 16ರ ಒಳಗಿನವರು ಈ ಸೆಟ್ಟಿಂಗ್ ಸಡಿಲ ಮಾಡ್ಕೋಬೇಕಾದ್ರೆ ಪೋಷಕರು ಒಪ್ಪಬೇಕು. ತಮ್ಮನಿಗೆ ಇದ್ಯಾವುದೂ ಸಿಗಲೇ ಇಲ್ಲ. ಆ್ಯಪ್ ಕಣ್ಣಲ್ಲಿ ಅವನು 22 ವರ್ಷದ ಗಂಡಸು. ರಾತ್ರಿ ಒಂದು ಗಂಟೆಗೆ ಕಂಬಳಿಯೊಳಗೆ ಬೆಳಕು ಕಂಡಾಗ ಅವನನ್ನ ಬೈದವಳೂ ನಾನೇ.

3/4

ಈಗ ಮಿತಿ ಯಾರ ಮೇಲೆ ಬೀಳುತ್ತೆ ಅನ್ನೋದು.

ಸ್ಕೂಲಿಂದ ಫೋನ್ ಬಂದ ದಿನ ಅಪ್ಪಾಜಿ ಸಿಟ್ಟಲ್ಲಿ ಮೊಬೈಲ್ ಕಸ್ಕೊಂಡು ಬೀರುವಲ್ಲಿಟ್ಟು ಬೀಗ ಹಾಕಿದ್ರು. ನಾಲ್ಕನೇ ದಿನ ವಾಪಸ್ ಕೊಟ್ರು. ಯಾಕೆ? ಹೋಮ್‌ವರ್ಕ್ ವಾಟ್ಸ್‌ಆ್ಯಪ್ ಗ್ರೂಪಿಗೆ ಬರುತ್ತಲ್ಲ! ಬ್ಯಾಗಲ್ಲಿ ಫೋನ್ ತರಬಾರದು ಅನ್ನೋ ಸ್ಕೂಲೇ ರಾತ್ರಿ ಎಂಟೂವರೆಗೆ "ನಾಳೆ ಈ ಚಿತ್ರ ಬರ್ಕೊಂಡ್ ಬನ್ನಿ" ಅಂತ ಮೆಸೇಜ್ ಹಾಕುತ್ತೆ. ಟೀಚರ್‌ಗಳನ್ನ ದೂರಬೇಕು ಅಂತ ಹೇಳ್ತಿಲ್ಲ, ಅವರಿಗೂ ಮೇಲಿಂದ ನೂರೆಂಟು ಗ್ರೂಪ್ ಇರುತ್ತೆ. ಆದ್ರೆ ಹೋಮ್‌ವರ್ಕನ್ನ ಬೋರ್ಡ್ ಮೇಲೆ ಬರೆದು ಡೈರಿಗೆ ಇಳಿಸ್ಕೊಳ್ಳೋಕೆ ಹೇಳಿದ್ರೆ ಐದು ನಿಮಿಷದ ಮಾತು. ಆಗ "ಪಾಠಕ್ಕೆ ಬೇಕು" ಅನ್ನೋ ನೆಪ ಅರ್ಧಕ್ಕರ್ಧ ಬಿದ್ದುಹೋಗುತ್ತೆ.

ಇನ್ನೊಂದು ಕಡೆ ದಾವಣಗೆರೆ ನಿಟ್ಟುವಳ್ಳಿಯಲ್ಲಿರೋ ನಮ್ಮ ಅತ್ತೆ ಮಗಳು. ಹತ್ತನೇ ಕ್ಲಾಸ್, ಓದೋದ್ರಲ್ಲಿ ನನಗಿಂತ ಜಾಣೆ. ಅವಳ ಫೋನಿಗೆ ಕ್ಲಾಸಿನ ಹುಡುಗನೊಬ್ಬ "ಹಾಯ್" ಅಂತ ಕಳಿಸಿದ್ದ. ಅಷ್ಟೇ, ಅವಳು ಉತ್ತರ ಕೂಡ ಕೊಟ್ಟಿರಲಿಲ್ಲ. ಫೋನ್ ಹೋಯ್ತು. ಅದು ನಾಲ್ಕನೇ ದಿನ ವಾಪಸ್ ಬರೋ ಥರ ಹೋಗಿದ್ದಲ್ಲ. ಈಗ ಹೋಮ್‌ವರ್ಕ್ ಏನಿದೆ ಅಂತ ಕೇಳೋಕೆ ಸಂಜೆ ಎರಡು ಬೀದಿ ದಾಟಿ ಗೆಳತಿ ಮನೆಗೆ ಹೋಗ್ತಾಳೆ. ಅದಕ್ಕೂ "ಯಾಕೆ ಇಷ್ಟೊತ್ತು?" ಅಂತ ಕೇಳ್ತಾರೆ.

ಒಂದೇ ಕುಟುಂಬ. ರಾತ್ರಿಯೆಲ್ಲ ರೀಲ್ಸ್ ನೋಡಿದ ಹುಡುಗನಿಗೆ ನಾಲ್ಕು ದಿನ. ತಪ್ಪೇ ಮಾಡದ ಹುಡುಗಿಗೆ ಇಡೀ ವರ್ಷ.

ಇದು ನಮ್ಮನೆ ಕಥೆ ಮಾತ್ರ ಅಂದ್ಕೋಬೇಡಿ. 2024ರ ಅಸರ್ ವರದಿ ದೇಶದ ಹಳ್ಳಿಗಳಲ್ಲಿ 14ರಿಂದ 16 ವರ್ಷದ ಮಕ್ಕಳನ್ನ ಕೇಳಿದೆ. ಫೋನ್ ಬಳಸೋಕೆ ಬರೋರಲ್ಲಿ ಸ್ವಂತ ಫೋನ್ ಇರೋ ಹುಡುಗರು ಶೇ. 36.2, ಹುಡುಗಿಯರು ಶೇ. 26.9. ಹಿಂದಿನ ವಾರ ಓದೋಕೆ ಬಳಸಿದ್ದೀವಿ ಅಂದ ಮಕ್ಕಳು ಶೇ. 57, ಸೋಶಿಯಲ್ ಮೀಡಿಯಾಗೆ ಬಳಸಿದ್ದೀವಿ ಅಂದವರು ಶೇ. 76. ಮೊದಲ ಎರಡು ಅಂಕಿ ನೋಡಿದ್ರೆ ಮಿತಿ ಈಗಾಗಲೇ ಯಾರಿಗಿದೆ ಅಂತ ಗೊತ್ತಾಗುತ್ತೆ. ಕೊನೆಯ ಎರಡು ನೋಡಿದ್ರೆ "ಪಾಠಕ್ಕೆ" ಅಂತ ಕೊಡಿಸಿದ ಫೋನ್ ಎಲ್ಲಿಗೆ ಬಂತು ಅಂತ ಗೊತ್ತಾಗುತ್ತೆ.

ಅದಕ್ಕೇ "ಮಕ್ಕಳಿಂದ ಫೋನ್ ಕಸ್ಕೊಳಿ" ಅಂತ ಯಾರಾದ್ರೂ ಅಂದಾಗ ನನಗೆ ಭಯ ಆಗುತ್ತೆ. ಕಸ್ಕೊಳ್ಳೋ ಕೈ ಮೊದಲು ಹೋಗೋದು ಹುಡುಗಿ ಕಡೆಗೇ.

4/4

ಹಂಗಾದ್ರೆ ಏನ್ ಮಾಡೋದು?

ಸಾಂಗ್ಲಿ ಜಿಲ್ಲೆ ನಮ್ಮ ಬೆಳಗಾವಿಗೆ ಅಂಟಿಕೊಂಡೇ ಇದೆ. ಅಲ್ಲಿ ಮೋಹಿತ್ಯಾಂಚೆ ವಡಗಾಂವ್ ಅಂತ ಒಂದೂರು. 2022ರ ಆಗಸ್ಟ್‌ನಲ್ಲಿ ಅಲ್ಲಿ ಸಂಜೆ 7ಕ್ಕೆ ಸೈರನ್ ಹೊಡೆಯೋಕೆ ಶುರು ಮಾಡಿದ್ರು. ಒಂದೂವರೆ ಗಂಟೆ ಟಿವಿ, ಮೊಬೈಲ್ ಎಲ್ಲಾ ಬಂದ್. ನನಗೆ ಇದರಲ್ಲಿ ಇಷ್ಟವಾಗಿದ್ದು ಸೈರನ್ ಅಲ್ಲ, ಬಂದ್ ಆಗೋದು ಮಕ್ಕಳ ಫೋನ್ ಮಾತ್ರ ಅಲ್ಲ ಅನ್ನೋದು. ಅಮ್ಮನ ಸೀರಿಯಲ್ಲೂ ಬಂದ್, ಅಪ್ಪನ ವಿಡಿಯೋನೂ ಬಂದ್.

ನಮ್ಮನೇಲೂ ಮೂರು ವಾರದಿಂದ ಶುರು ಮಾಡಿದೀವಿ. ಏಳೂವರೆಯಿಂದ ಒಂಬತ್ತು, ನಾಲ್ಕು ಫೋನೂ ಅಡುಗೆಮನೆ ಶೆಲ್ಫ್ ಮೇಲೆ. ಅಪ್ಪಾಜಿಗೆ ಬಾಡಿಗೆ ಕಾಲ್ ಬರುತ್ತೆ, ಅದಕ್ಕೆ ರಿಂಗ್ ಆದ್ರೆ ಎತ್ತಿ ಮಾತಾಡಿ ಅಲ್ಲೇ ಇಡಬೇಕು. ಮೊದಲ ದಿನ ನಿಯಮ ಮುರಿದಿದ್ದು ತಮ್ಮ ಅಲ್ಲ. ನಾನು, ಮೂರು ಸಲ. ನೀರು ಕುಡಿಯೋ ನೆಪದಲ್ಲಿ ಅಡುಗೆಮನೆಗೆ ಹೋಗ್ತಿದ್ದೆ. ತಮ್ಮ ಲೆಕ್ಕ ಇಟ್ಟಿದ್ದ. ರಾತ್ರಿ ಮಲಗೋವಾಗ್ಲೂ ಎಲ್ಲಾ ಫೋನ್ ಹಾಲ್‌ನಲ್ಲೇ ಚಾರ್ಜಿಗೆ.

ಇಷ್ಟರಲ್ಲೇ ಎಲ್ಲಾ ಸರಿಹೋಯ್ತು ಅಂತ ಬರೆದ್ರೆ ಅದು ಇನ್ನೊಂದು ಸುಳ್ಳು. ನಿನ್ನೆ ಕೂಡ ಜಗಳ ಆಗಿದೆ. ಕೆಲವು ಮಕ್ಕಳಿಗೆ ಮನೆ ನಿಯಮ ಸಾಕಾಗಲ್ಲ. ಊಟ, ನಿದ್ದೆ, ಸ್ಕೂಲ್ ಎಲ್ಲಾ ಬಿಟ್ಟು ಕೂತಿದ್ರೆ ಬೈದು ಪ್ರಯೋಜನ ಇಲ್ಲ, ಸಹಾಯ ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕಂತಲೇ 2014ರಿಂದ ಶಟ್ ಕ್ಲಿನಿಕ್ ಇದೆ. ಅಷ್ಟು ದೂರ ಆಗಲ್ಲ ಅಂದ್ರೆ ಸರ್ಕಾರದ ಟೆಲಿ ಮಾನಸ್, 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಅತ್ತೆ ಹತ್ರಾನೂ ಮಾತಾಡಿದೆ. ಫೋನ್ ಅವಳ ರೂಮಿಗೆ ಬೇಡ, ಸಂಜೆ ಒಂದು ಗಂಟೆ ಹಾಲ್‌ನಲ್ಲಿ ಕೊಡಿ, ಅವಳಿಗೆ ಹಾಕಿದ ನಿಯಮ ಅವಳ ಅಣ್ಣನಿಗೂ ಇರಲಿ ಅಂದೆ. ಅತ್ತೆ "ನೋಡಾಣ ತಗ" ಅಂದ್ರು. ಮುಂದಿನ ವಾರ ಮತ್ತೆ ಕೇಳ್ತೀನಿ.

ಮೊನ್ನೆ ಭಾನುವಾರ ತಮ್ಮನ್ನ ಪಕ್ಕ ಕೂರಿಸ್ಕೊಂಡು ಅವನ ಹುಟ್ಟಿದ ವರ್ಷ ಸರಿ ಮಾಡಿದೆ. 2003 ಇದ್ದಿದ್ದು 2011 ಆಯ್ತು. "ನೀನೇ ಹಾಕಿದ್ದು, ಈಗ ನೀನೇ ತೆಗೀತೀಯ" ಅಂದ. ಎರಡು ದಿನ ನನ್ನ ಜೊತೆ ಮಾತಾಡ್ಲಿಲ್ಲ. ಅವನು ಹೇಳಿದ್ದು ನಿಜಾನೇ, ನನ್ನ ಹತ್ರ ಉತ್ತರ ಇರಲಿಲ್ಲ.

ನನ್ನ ವಯಸ್ಸಿನ ಅಕ್ಕಂದಿರೇ, ಅಣ್ಣಂದಿರೇ, ಇವತ್ತು ರಾತ್ರಿ ಮನೆಗೆ ಹೋದ ಮೇಲೆ ತಮ್ಮನದ್ದೋ ತಂಗಿದ್ದೋ ಅಕೌಂಟ್ ತೆಗೆದು ಹುಟ್ಟಿದ ವರ್ಷ ಏನಿದೆ ನೋಡಿ. ತಪ್ಪಿದ್ರೆ ಯಾರು ಹಾಕಿದ್ದು ಅಂತ ಕೇಳಿ. ನಿಮ್ಮ ಹೆಸರೇ ಬಂದ್ರೆ ಸರಿ ಮಾಡಿ, ಬೈಸ್ಕೊಳಿ. ಆಮೇಲೆ ಇಲ್ಲಿ ಬಂದು ಬರೀರಿ, ಓದ್ತೀನಿ. ಒಂಬತ್ತು ಗಂಟೆ ಆದ್ಮೇಲೆ.

#ಬಸ್‌ಪಾಸ್‌ಮಾತುಗಳು #ಹರಿಹರ #ದಾವಣಗೆರೆ #ಹೈಸ್ಕೂಲ್ #ಮೊಬೈಲ್