ಅನುಭವಕ್ಕೆ ಸಂಬಳದ ಚೀಟಿಯೊಂದೇ ಸಾಕ್ಷಿಯೇ?

ಕೋಣಂದೂರು, ಹುಂಚ, ರಿಪ್ಪನ್‌ಪೇಟೆ ಭಾಗದಿಂದ ತೀರ್ಥಹಳ್ಳಿಗೋ ಶಿವಮೊಗ್ಗಕ್ಕೋ ಹೋಗಿ ಪದವಿ ಪಡೆಯುವ ವಿದ್ಯಾರ್ಥಿಗಳಿಗೆ ಮ್ಯಾನೇಜ್‌ಮೆಂಟ್ ಶಿಕ್ಷಣದ ಬಗ್ಗೆ ದೊರೆಯುವ ಮೊದಲ ಸಲಹೆ ಬಹುತೇಕ ಒಂದೇ: ‘ಮೊದಲು ಬೆಂಗಳೂರಿಗೆ ಹೋಗಿ ಎರಡು ವರ್ಷ ಕೆಲಸ ಮಾಡು, ಆಮೇಲೆ ಐಐಎಂ ವಿಚಾರ’. ಈ ಸಲಹೆಯಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಅನೇಕರನ್ನು ಅರ್ಜಿಯನ್ನೇ ಹಾಕದಂತೆ ತಡೆಯುತ್ತಿದೆ.

ನಿಯಮವನ್ನು ನೋಡೋಣ. ಐಐಎಂಗಳ ಪ್ರವೇಶಕ್ಕಾಗಿ ನಡೆಯುವ ಕ್ಯಾಟ್ ಪರೀಕ್ಷೆಗೆ ಬೇಕಾದುದು ಶೇ. 50 ಅಂಕಗಳ ಪದವಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಅಂಗವಿಕಲ ಅಭ್ಯರ್ಥಿಗಳಿಗೆ ಶೇ. 45. ಅಂತಿಮ ವರ್ಷದಲ್ಲಿ ಓದುತ್ತಿರುವವರೂ ಬರೆಯಬಹುದು. ಉದ್ಯೋಗಾನುಭವ ಕಡ್ಡಾಯವಲ್ಲ, ಎಷ್ಟು ಬಾರಿ ಬರೆಯಬಹುದು ಎಂಬ ಮಿತಿಯೂ ಇಲ್ಲ.

ಹಾಗಾದರೆ ಅನುಭವದ ಮಾತು ಬಂದುದೆಲ್ಲಿಂದ? ಕ್ಯಾಟ್ ನಂತರದ ಆಯ್ಕೆಯ ಲೆಕ್ಕಾಚಾರದಿಂದ. 1973ರಲ್ಲಿ ಆರಂಭವಾದ ಬೆಂಗಳೂರಿನ ಐಐಎಂ, ಕ್ಯಾಟ್ ಅಂಕದ ಜತೆಗೆ ಹತ್ತನೇ ತರಗತಿ, ಪಿಯುಸಿ ಮತ್ತು ಪದವಿಯ ಅಂಕಗಳನ್ನೂ, ಉದ್ಯೋಗಾನುಭವವನ್ನೂ ತೂಗುತ್ತದೆ. ಅನುಭವದ ಅಂಕ ಸುಮಾರು ಮೂರು ವರ್ಷಗಳವರೆಗೆ ಏರುತ್ತದೆ. ಅಂದರೆ ಅನುಭವವೆಂಬುದು ಇಲ್ಲಿ ಬಾಗಿಲಿಗೆ ಹಾಕಿದ ಬೀಗವಲ್ಲ, ತಕ್ಕಡಿಯಲ್ಲಿಟ್ಟ ಒಂದು ಕಲ್ಲು. ಎಸ್ಸೆಸ್ಸೆಲ್ಸಿಯಿಂದ ಪದವಿಯವರೆಗೆ ಒಳ್ಳೆಯ ಅಂಕ ಪಡೆದವರು ಆ ಕೊರತೆಯನ್ನು ಬೇರೆ ತಟ್ಟೆಯಲ್ಲಿ ತುಂಬಿಕೊಳ್ಳಬಹುದು. ಪಿಯುಸಿಯಲ್ಲಿ ಎಡವಿದವರಿಗೆ ಮಾತ್ರ ಈ ಕಲ್ಲಿನ ಭಾರ ನಿಜಕ್ಕೂ ಬೇಕಾಗುತ್ತದೆ. ಏಕೆಂದರೆ ಹಳೆಯ ಅಂಕಪಟ್ಟಿಯನ್ನು ತಿದ್ದಲಾಗದು.

ಬೀಗವೇ ಇರುವ ಸಂಸ್ಥೆಗಳೂ ಇವೆ. ಹೈದರಾಬಾದಿನ ಐಎಸ್‌ಬಿ ತನ್ನ ಮುಖ್ಯ ಸ್ನಾತಕೋತ್ತರ ಕೋರ್ಸಿಗೆ ಎರಡು ವರ್ಷಗಳ ಅನುಭವ ಕೇಳುತ್ತದೆ. ಹಾರ್ವರ್ಡ್ ಇನ್ನೊಂದು ದಾರಿ ತೆರೆದಿದೆ: ಓದುತ್ತಿರುವಾಗಲೇ ಸೀಟು ಕಾಯ್ದಿರಿಸಿ, ಕನಿಷ್ಠ ಎರಡು ವರ್ಷ ದುಡಿದು ಬಂದ ಮೇಲೆ ತರಗತಿಗೆ ಸೇರಿಸಿಕೊಳ್ಳುತ್ತದೆ. ಇತ್ತ ಇಂದೋರ್ ಐಐಎಂ 2011ರಿಂದ ಪಿಯುಸಿ ಮುಗಿಸಿದವರಿಗಾಗಿಯೇ ಐದು ವರ್ಷಗಳ ಕೋರ್ಸ್ ನಡೆಸುತ್ತಿದೆ. ಮಲೆನಾಡಿನ ಪಿಯು ಕಾಲೇಜುಗಳಲ್ಲಿ ಸಿಇಟಿ, ನೀಟ್ ಮಾತಿನ ಗದ್ದಲದಲ್ಲಿ ಇದು ಕೇಳಿಸುವುದೇ ಇಲ್ಲ.

ಆದರೆ ನಮ್ಮ ಊರುಗಳ ಮಟ್ಟಿಗೆ ಮೂಲ ಪ್ರಶ್ನೆ ಬೇರೆಯೇ ಇದೆ. ಅನುಭವ ಎಂದು ಯಾವುದನ್ನು ಕರೆಯುತ್ತಾರೆ? ಪದವಿಯ ನಂತರದ ಪೂರ್ಣಾವಧಿ ಉದ್ಯೋಗ, ಅದಕ್ಕೆ ನೇಮಕಾತಿ ಪತ್ರ, ಸಂಬಳದ ಚೀಟಿ ಇರಬೇಕು. ನಾಲ್ಕು ಎಕರೆ ಅಡಿಕೆ ತೋಟವಿರುವ ಮನೆಯ ಮಗನೋ ಮಗಳೋ ಮಾಡುವ ಕೆಲಸವನ್ನು ಗಮನಿಸಿ. ಮಳೆಗಾಲದಲ್ಲಿ ಕೊಳೆರೋಗ ತಗಲುವ ಮೊದಲು ಬೋರ್ಡೋ ದ್ರಾವಣ ಸಿಂಪಡಿಸಲು ಆಳು ಹೊಂದಿಸಬೇಕು. ಎಲೆಚುಕ್ಕಿ ರೋಗ ಬಂದ ಮೇಲೆ ಆ ಖರ್ಚು ಇನ್ನೂ ಏರಿದೆ. ಕೊನೆ ಕೊಯ್ಯುವವರ ಸರದಿ, ಸುಲಿತ, ಬೇಯಿಸುವಿಕೆ, ಒಣಗಿಸುವಿಕೆ. ರಾಶಿ, ಬೆಟ್ಟೆ, ಗೊರಬಲು ಎಂದು ಬೇರ್ಪಡಿಸುವಿಕೆ. ಇಂದೇ ಮಾರುವುದೋ, ಧಾರಣೆ ಏರಲೆಂದು ಕಾಯುವುದೋ ಎಂಬ ನಿರ್ಧಾರ. ದಾಸ್ತಾನು, ಸಾಲ, ಕೂಲಿ, ಬೆಲೆಯ ಅಪಾಯ ಎಲ್ಲವೂ ಇದರಲ್ಲಿವೆ. ಮ್ಯಾನೇಜ್‌ಮೆಂಟ್ ಪಠ್ಯದ ಅಧ್ಯಾಯಗಳೂ ಇವೇ ಅಲ್ಲವೇ? ಆದರೂ ಅರ್ಜಿಯ ಅನುಭವದ ಅಂಕಣದಲ್ಲಿ ಇದರ ಬೆಲೆ ಸೊನ್ನೆ.

ಕಾರಣ ದುರುದ್ದೇಶವಲ್ಲ, ದಾಖಲೆ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲದ ಕಾರಣ ಅದನ್ನೇ ನಂಬಿದ ಅನೇಕ ಮನೆಗಳಲ್ಲಿ ಆದಾಯ ತೆರಿಗೆ ವಿವರಪಟ್ಟಿ ಇರುವುದಿಲ್ಲ. ಅಡಿಕೆ ಮಾರಿದ ಲೆಕ್ಕ ಮ್ಯಾಮ್‌ಕೋಸ್‌ನಲ್ಲಿ ಸಾಮಾನ್ಯವಾಗಿ ತಂದೆಯ ಹೆಸರಿನಲ್ಲಿರುತ್ತದೆ. ಪೇಟೆಯಲ್ಲಿ ಅಂಗಡಿಯಿರುವವರ ಮಗನಾದರೆ ಜಿಎಸ್‌ಟಿ ನೋಂದಣಿಯನ್ನೋ ಪಾಲುದಾರಿಕೆ ಪತ್ರವನ್ನೋ ತೋರಿಸಿ ಕುಟುಂಬದ ವ್ಯವಹಾರದ ಅನುಭವ ಎನ್ನಬಹುದು. ತೋಟದವರಿಗೆ ಆ ಅನುಕೂಲವಿಲ್ಲ. ಹಾಗೆಂದು ಪರಿಚಯದ ಕಂಪನಿಯಿಂದ ಸುಳ್ಳು ಪ್ರಮಾಣಪತ್ರ ತರುವುದು ಆತ್ಮಘಾತಕ. ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಸೀಟೇ ಹೋಗುತ್ತದೆ.

ಈ ಅನುಭವ ಕೆಲಸಕ್ಕೆ ಬರುವ ಜಾಗ ಸಂದರ್ಶನ. ಅಂಕ ಕೊಡದ ತೋಟ ಅಲ್ಲಿ ಮಾತು ಕೊಡುತ್ತದೆ. ಕ್ವಿಂಟಲ್ ಅಡಿಕೆಗೆ ತಗಲುವ ಖರ್ಚನ್ನು, ಸಹಕಾರ ಸಂಘದ ಸಾಲ ಹೇಗೆ ತಿರುಗುತ್ತದೆಂಬುದನ್ನು ಅಂಕಿಗಳೊಡನೆ ವಿವರಿಸಬಲ್ಲ ಇಪ್ಪತ್ತೊಂದರ ಹರೆಯದವರನ್ನು, ಎರಡು ವರ್ಷ ಕಂಪ್ಯೂಟರ್ ಮುಂದೆ ಕುಳಿತು ತನ್ನ ಕೆಲಸವೇನೆಂದು ಹೇಳಲಾಗದವರಿಗಿಂತ ಕಡಿಮೆಯೆಂದು ಭಾವಿಸಲು ಕಾರಣವಿಲ್ಲ. ಆದರೆ ಇದಕ್ಕೆ ಲೆಕ್ಕ ಬರೆದಿಡುವ ಅಭ್ಯಾಸ ಬೇಕು; ‘ಮನೆಯಲ್ಲಿ ತೋಟವಿದೆ’ ಎಂದಷ್ಟೇ ಹೇಳಿದರೆ ಸಾಲದು.

ಇನ್ನೊಂದು ತೊಡಕು ಕ್ಯಾಲೆಂಡರಿನದು. ಕ್ಯಾಟ್ ನಡೆಯುವುದು ಸಾಮಾನ್ಯವಾಗಿ ನವೆಂಬರ್ ಕೊನೆಯ ಭಾನುವಾರ, ಅಡಿಕೆ ಕೊಯ್ಲು ಬಿರುಸಾಗಿರುವ ಹೊತ್ತಿನಲ್ಲಿ. ಅರ್ಜಿ ಆಗಸ್ಟ್‌ನಲ್ಲೇ ಆರಂಭವಾಗುತ್ತದೆ. 2024ರಲ್ಲಿ ಸಾಮಾನ್ಯ ವರ್ಗಕ್ಕೆ ಶುಲ್ಕ 2,500 ರೂ. ಇತ್ತು. ಅಂತಿಮ ವರ್ಷದಲ್ಲಿ ಒಮ್ಮೆ ಬರೆದು ನೋಡುವುದರಲ್ಲಿ ಕಳೆದುಕೊಳ್ಳುವುದು ಈ ಮೊತ್ತ ಮತ್ತು ಕೆಲವು ತಿಂಗಳ ಸಂಜೆಗಳು. ಸೀಟು ಸಿಗದಿದ್ದರೆ ಬೆಂಗಳೂರಿನ ಬಸ್ಸು ಹೇಗೂ ಇದ್ದೇ ಇದೆ.

ಐಐಎಂ ಒಂದೇ ಗುರಿಯೂ ಅಲ್ಲ. ಆಗುಂಬೆ ಘಾಟಿ ಇಳಿದರೆ ಮಣಿಪಾಲದಲ್ಲಿ 1980ರಲ್ಲಿ ಸ್ಥಾಪನೆಯಾದ ಟ್ಯಾಪ್ಮಿ ಇದೆ. ರಾಜ್ಯದ ಪಿಜಿಸಿಇಟಿ ಬರೆದು ಎಂಬಿಎ ಸೇರುವವರಿಗೂ ಅನುಭವದ ಷರತ್ತಿಲ್ಲ. ಬೆಂಗಳೂರು ಐಐಎಂನ ಎರಡು ವರ್ಷಗಳ ಶುಲ್ಕ 20 ಲಕ್ಷ ರೂ. ದಾಟಿರುವುದರಿಂದ ಸಾಲದ ಲೆಕ್ಕವನ್ನೂ ಮೊದಲೇ ಹಾಕಬೇಕು. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಉನ್ನತ ಸಂಸ್ಥೆಗಳಿಗೆ ಸೇರುವವರಿಗೆ ಅಡಮಾನವಿಲ್ಲದೆ ಸಾಲ ದೊರೆಯುತ್ತದೆ. ಪಹಣಿ ಹಿಡಿದು ಬ್ಯಾಂಕಿಗೆ ಅಲೆಯುವ ಮೊದಲು ತಂದೆ-ತಾಯಂದಿರು ಇದನ್ನು ವಿಚಾರಿಸಿಕೊಳ್ಳುವುದು ಒಳಿತು.