ತಂತಿ ಹೋದರೂ ಮನೆಯ ಫೋನು ಉಳಿಯಲಿ

ಕರಾವಳಿಯ ಅನೇಕ ಮನೆಗಳಲ್ಲಿ ಸ್ಥಿರ ದೂರವಾಣಿಯ ಗಂಟೆ ಮೌನವಾಗಿದೆ. ರಸ್ತೆ ಅಗಲೀಕರಣದಲ್ಲಿ ತುಂಡಾದ ಕೇಬಲು, ಮಳೆಗಾಲದಲ್ಲಿ ಮರ ಬಿದ್ದು ಹರಿದ ತಂತಿ, ದೂರಿತ್ತು ದಿನಗಟ್ಟಲೆ ಕಾಯುವ ಬೇಸರ ಇವುಗಳಿಂದ ರೋಸಿಹೋದ ಕುಟುಂಬಗಳು ಸಂಪರ್ಕವನ್ನೇ ರದ್ದುಪಡಿಸಿವೆ. ಗಲ್ಫಿನಲ್ಲಿರುವ ಮಕ್ಕಳು ವೃದ್ಧ ತಂದೆತಾಯಿಯ ಕೈಗೊಂದು ಸ್ಮಾರ್ಟ್‌ಫೋನ್ ಇತ್ತು, ತಮ್ಮ ಕರ್ತವ್ಯ ಮುಗಿಯಿತೆಂದು ಭಾವಿಸುವುದುಂಟು. ಇದು ಸರಿಯೇ?

ಒಂದು ವಸ್ತುವನ್ನು ಅರಿಯಬೇಕಾದರೆ ಅದು ಯಾವ ಉದ್ದೇಶಕ್ಕಾಗಿ ಇದೆಯೆಂದು ಕೇಳಬೇಕೆಂಬುದು ಅರಿಸ್ಟಾಟಲನ ಕಾಲದಿಂದ ಬಂದ ಪಾಠ. ಮೊಬೈಲು ವ್ಯಕ್ತಿಯದು, ಮನೆಯ ಫೋನು ಮನೆಯದು. ಅದು ಇಟ್ಟಲ್ಲೇ ಇರುತ್ತದೆ. ಅಜ್ಜಿಯೂ ಎತ್ತಬಹುದು, ಮೊಮ್ಮಗನೂ ಎತ್ತಬಹುದು. ಗಾಜಿನ ಮೇಲೆ ಬೆರಳಾಡಿಸಲರಿಯದ ಹಿರಿಯರು, ರಾತ್ರಿ ಎದೆನೋವು ಕಾಣಿಸಿಕೊಂಡಾಗ ಸ್ಮಾರ್ಟ್‌ಫೋನಿನಲ್ಲಿ 108ನ್ನು ಹುಡುಕುತ್ತಾ ಕುಳಿತಿರಲಾರರು. ಅವರಿಗೆ ಗುಂಡಿಗಳುಳ್ಳ ಹಳೆಯ ಬಗೆಯ ಫೋನೇ ಹಿತ.

ಆದ್ದರಿಂದ ಸಿಮ್ ಹಾಕಿ ಮೇಜಿನ ಮೇಲಿಡುವ ಫೋನನ್ನು ನಾವು ಸಮರ್ಥಿಸುತ್ತೇವೆ. ಅದರ ರೂಪವೂ ಬಳಕೆಯೂ ಹಳೆಯದೇ. ತಂತಿಯ ಬದಲು ಟವರಿನ ಆಸರೆ, ಅಷ್ಟೇ. ಆದರೂ ಅದನ್ನು ತರುವ ಮುನ್ನ ಕೆಲವು ಸಂಗತಿಗಳನ್ನು ತಿಳಿದಿರುವುದು ಅವಶ್ಯ.

ತಾಮ್ರದ ತಂತಿಯ ಫೋನಿಗೆ ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯಿಂದಲೇ ವಿದ್ಯುತ್ತು ಬರುತ್ತದೆ. ಮನೆಯಲ್ಲಿ ಕರೆಂಟು ಹೋದರೂ ಅದು ಮಾತಾಡುತ್ತದೆ. ಹೊಸ ಫೋನಿಗೆ ತನ್ನದೇ ಬ್ಯಾಟರಿ ಬೇಕು. ಟವರಿಗೂ ವಿದ್ಯುತ್ತು ಬೇಕು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ವಿದ್ಯುತ್ ಕಂಬಗಳು ಉರುಳಿದ್ದನ್ನು ನಾವು ಮರೆಯಲಾಗದು. ಬ್ಯಾಟರಿ ಗಟ್ಟಿಯಾಗಿದೆಯೇ ಎಂದು ಮಳೆಗಾಲಕ್ಕೆ ಮುನ್ನ ಪರೀಕ್ಷಿಸಬೇಕು.

ದಪ್ಪ ಕೆಂಪುಕಲ್ಲಿನ ಗೋಡೆಯೊಳಗೆ, ಗುಡ್ಡದ ತಪ್ಪಲಿನಲ್ಲಿ ಸಿಗ್ನಲ್ ಕ್ಷೀಣಿಸುತ್ತದೆ. ಫೋನಿಡುವ ಜಾಗದಲ್ಲಿಯೇ ಆಯಾ ಕಂಪೆನಿಯ ಸಿಮ್ಮಿನಿಂದ ಮಾತಾಡಿ ನೋಡಬೇಕು. ಹಿಂದೆ ಮನೆಗಳಿಗೆ ಬಂದಿದ್ದ ಸಿ.ಡಿ.ಎಂ.ಎ. ಫೋನುಗಳು ಆ ಸೇವೆ ನಿಂತಾಗ ನಿರುಪಯುಕ್ತವಾದವು. 2ಜಿ ಮಾತ್ರ ಬಲ್ಲ ಫೋನು ಜಿಯೋ ಜಾಲದಲ್ಲಿ ನಡೆಯದು. 4ಜಿ ವೋಲ್ಟಿ ಸೌಲಭ್ಯವುಳ್ಳದ್ದನ್ನೇ ಆರಿಸುವುದು ಲೇಸು.

ಹಳೆಯ ಸಂಖ್ಯೆಯ ಮಾತು ಇನ್ನೊಂದು. 2011ರ ಜನವರಿಯಲ್ಲಿ ದೇಶವ್ಯಾಪಿಯಾದ ಸಂಖ್ಯೆ ವರ್ಗಾವಣೆಯ ಸೌಲಭ್ಯ ಮೊಬೈಲುಗಳಿಗೆ ಮಾತ್ರ. 0824ರ ಸಂಖ್ಯೆ ಸಿಮ್ಮಿಗೆ ಬರುವುದಿಲ್ಲ. ಬ್ಯಾಂಕು, ಆಸ್ಪತ್ರೆ, ಬಂಧುಗಳಿಗೆಲ್ಲ ಹೊಸ ಸಂಖ್ಯೆ ತಲಪುವವರೆಗೆ ಹಳೆಯ ಸಂಪರ್ಕವನ್ನು ಕಡಿಯಬಾರದು.

ಕೊನೆಯದಾಗಿ, ರೀಚಾರ್ಜಿನ ಅವಧಿ ಮುಗಿದರೆ ಹೊರಹೋಗುವ ಕರೆ ಮಾತ್ರವಲ್ಲ, ಕ್ರಮೇಣ ಒಳಬರುವ ಕರೆಯೂ ನಿಲ್ಲುತ್ತದೆ. ಈ ಹೊಣೆಯನ್ನು ಹಿರಿಯರ ಮೇಲೆ ಹೊರಿಸದೆ ಮಕ್ಕಳಲ್ಲೊಬ್ಬರು ಹೊರಬೇಕು. ಒಂಟಿಯಾಗಿರುವವರ ಫೋನಿನ ಪಕ್ಕದಲ್ಲಿ ನೆರೆಯವರ, ವಾರ್ಡಿನ ಗುರಿಕಾರರ ಸಂಖ್ಯೆಗಳನ್ನು ದಪ್ಪಕ್ಷರದಲ್ಲಿ ಬರೆದಿಡಬೇಕು. 112ನ್ನು ಒತ್ತುವುದನ್ನು ಕಲಿಸಿಕೊಡಬೇಕು.

ಸಾಧನವನ್ನು ಹಣ ತರಬಲ್ಲದು. ಅದರ ಗಂಟೆ ಬಾರಿಸಲು ಮನಸ್ಸು ಬೇಕು. ಫೋನನ್ನು ಬದಲಿಸುವ ಮಕ್ಕಳು, ವಾರಕ್ಕೊಮ್ಮೆಯಾದರೂ ಆ ಹೊಸ ಸಂಖ್ಯೆಗೆ ತಾವೇ ಮೊದಲು ಕರೆಮಾಡುವ ನಿಯಮವನ್ನೂ ಇರಿಸಿಕೊಳ್ಳಲೆಂಬುದು ನಮ್ಮ ವಿನಂತಿ.