ಬಿಟ್ಟಿ ಪ್ಲೇಟಿನ ಬೆಲೆ

ಹುಚ್ಚಿನಲ್ಲಿ ಹಲವು ಬಗೆ. ಅಂಚೆಚೀಟಿ ಕೂಡಿಹಾಕುವವರುಂಟು, ಬೆಂಕಿಪೊಟ್ಟಣದ ಚಿತ್ರ ಕೂಡಿಹಾಕುವವರುಂಟು, ಹಳೆಯ ನಾಣ್ಯಕ್ಕಾಗಿ ಊರೂರು ಅಲೆಯುವವರುಂಟು. ಬೆಂಗಳೂರಿನಲ್ಲಿರುವ ನನ್ನ ಸೋದರಮಾವನವರಿಗೆ ಹಿಡಿದಿರುವುದು ಗ್ರಾಮಫೋನ್ ಪ್ಲೇಟುಗಳ ಹುಚ್ಚು. ಅದರಲ್ಲಿಯೂ ಅವರು ಹುಡುಕುವುದು ಅಂಗಡಿಯಲ್ಲಿ ಪೂರ್ಣ ಬೆಲೆಗೆ ಮಾರಿದವುಗಳನ್ನಲ್ಲ. ಕಂಪೆನಿಗಳು ಜಾಹೀರಾತಿಗೆಂದು ಬಿಟ್ಟಿಯಾಗಿಯೋ ಅಗ್ಗವಾಗಿಯೋ ಹಂಚಿದ, ಹಲವು ತಂಡಗಳ ರಾಕ್ ಹಾಡುಗಳನ್ನು ಒಟ್ಟುಗೂಡಿಸಿದ ಪ್ಲೇಟುಗಳನ್ನು. "ಬಿಟ್ಟಿ ಕೊಟ್ಟದ್ದನ್ನು ದುಡ್ಡು ಕೊಟ್ಟು ತರುವ ಜಾಣ" ಎಂದು ನಮ್ಮ ತಾಯಿ ತಮ್ಮನನ್ನು ಹಾಸ್ಯ ಮಾಡುವುದುಂಟು. ನಾನೂ ನಗುತ್ತಿದ್ದೆ. ಈಗ ನಗುವುದಿಲ್ಲ, ಆದರೆ ಮಾವನವರ ಪಕ್ಷವನ್ನು ಪೂರ್ತಿಯಾಗಿ ವಹಿಸುವುದೂ ಇಲ್ಲ. ಏಕೆಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಇಂಥ ಪ್ಲೇಟುಗಳು ಹುಟ್ಟಿದ್ದು ಗಿರಾಕಿಯನ್ನು ಒಲಿಸಿಕೊಳ್ಳುವುದಕ್ಕಾಗಿ. 1968ರಲ್ಲಿ ಸಿ.ಬಿ.ಎಸ್. ಕಂಪೆನಿಯು ಇಂಗ್ಲೆಂಡಿನಲ್ಲಿ 'ದಿ ರಾಕ್ ಮೆಷಿನ್ ಟರ್ನ್ಸ್ ಯು ಆನ್' ಎಂಬ ಪ್ಲೇಟನ್ನು ಮಾಮೂಲು ಬೆಲೆಯ ಅರ್ಧಕ್ಕೂ ಕಡಿಮೆಗೆ ಮಾರಿತು. ಬಾಬ್ ಡಿಲನ್, ಲಿಯೊನಾರ್ಡ್ ಕೊಹೆನ್, ಬರ್ಡ್ಸ್ ತಂಡ ಮೊದಲಾದವರ ಒಂದೊಂದು ಹಾಡು ಅದರಲ್ಲಿತ್ತು. ರುಚಿ ಹತ್ತಿದವನು ಪೂರ್ಣ ಬೆಲೆಯ ಪ್ಲೇಟಿಗೆ ಬಂದೇ ಬರುತ್ತಾನೆಂಬುದು ಲೆಕ್ಕ. ಮರುವರ್ಷ ಅಮೆರಿಕದ ವಾರ್ನರ್ ಸಂಸ್ಥೆಯು ಎರಡು ಪ್ಲೇಟುಗಳ ಜೋಡಿಯನ್ನು ಎರಡು ಡಾಲರಿಗೆ ಅಂಚೆಯಲ್ಲಿ ಕಳುಹಿಸತೊಡಗಿತು. ಆ ಮಾಲೆ 1980ರವರೆಗೆ ನಡೆಯಿತು. ಸಂತೆಯಲ್ಲಿ ಬೆಲ್ಲದ ವ್ಯಾಪಾರಿ ಒಂದು ಚೂರು ಮುರಿದು ಅಂಗೈಗೆ ಹಾಕುವುದಿಲ್ಲವೆ? ಇದೂ ಅದೇ. ಆ ಚೂರನ್ನು ಯಾರೂ ಪೆಟ್ಟಿಗೆಯಲ್ಲಿಟ್ಟು ಕಾಪಾಡುವುದಿಲ್ಲ. ಈ ಪ್ಲೇಟುಗಳನ್ನೂ ಬಹುಮಂದಿ ಕಾಪಾಡಲಿಲ್ಲ. ಅವುಗಳಲ್ಲಿ ಎಷ್ಟೋ ಇಂದು ಅಪರೂಪವಾಗಿರುವುದರ ಗುಟ್ಟು ಇಷ್ಟೆ.

ನಮ್ಮ ದೇಶದಲ್ಲಿಯೂ ಇದಕ್ಕೆ ಒಂದು ಉದಾಹರಣೆಯಿದೆ. ಇಲ್ಲಿ ಹಾಡುಗಳನ್ನು ಕೂಡಿಸಿದ್ದು ಸಿಗರೇಟಿನ ವ್ಯಾಪಾರ. 'ಸಿಮ್ಲಾ' ಎಂಬ ಸಿಗರೇಟಿನ ಪ್ರಚಾರಕ್ಕಾಗಿ ಅಖಿಲ ಭಾರತ ಮಟ್ಟದಲ್ಲಿ 'ಸಿಮ್ಲಾ ಬೀಟ್' ಎಂಬ ವಾದ್ಯತಂಡಗಳ ಸ್ಪರ್ಧೆ ನಡೆಯುತ್ತಿತ್ತು. ಅದರಲ್ಲಿ ಹಾಡಿದವರ ಹಾಡುಗಳನ್ನು ಆಯ್ದು 1970ರಲ್ಲಿ ಒಂದು, 1971ರಲ್ಲಿ ಒಂದು ಪ್ಲೇಟು ಹೊರತಂದರು. ಮದರಾಸಿನ ಕನ್‌ಫ್ಯೂಷನ್ಸ್, ಕಲಕತ್ತೆಯ ಗ್ರೇಟ್ ಬೇರ್, ಶಿಲ್ಲಾಂಗಿನ ಫೆಂಟೋನ್ಸ್, ನಮ್ಮ ಬೆಂಗಳೂರಿನ ಡೈನೋಸಾರ್ಸ್ ಮುಂತಾದ ತಂಡಗಳು ಅವುಗಳಲ್ಲಿ ಹಾಡಿವೆ. ಕೆಲವು ಹಾಡುಗಳು ಹೊರದೇಶದವರಿಂದ ಎರವಲು ತಂದವು. ಕೆಲವು ಆ ಹುಡುಗರೇ ಕಟ್ಟಿದವು.

"ಪರದೇಶದ ಅನುಕರಣೆ, ಮೇಲಾಗಿ ಸಿಗರೇಟಿನ ಜಾಹೀರಾತು, ಇಂಥದನ್ನು ಕಾಪಾಡಬೇಕೆ?" ಎಂದು ಅಧ್ಯಾಪಕರೊಬ್ಬರು ನನ್ನನ್ನು ಕೇಳಿದರು. ಪ್ರಶ್ನೆ ನ್ಯಾಯವಾದುದು. ತರುಣರ ಸಂಗೀತವನ್ನು ತೋರಿಸಿ ತರುಣರಿಗೇ ಹೊಗೆ ಮಾರುವುದನ್ನು ನಾನು ಸಮರ್ಥಿಸಲಾರೆ. 2003ರ ಕಾಯಿದೆ ತಂಬಾಕಿನ ಜಾಹೀರಾತನ್ನೂ ಅದರ ಹೆಸರಿನ ಪ್ರಾಯೋಜಕತ್ವವನ್ನೂ ನಿಷೇಧಿಸಿದ್ದು ಒಳ್ಳೆಯದೇ ಆಯಿತು. ಆದರೆ ಅಂದು ಆ ಹುಡುಗರ ಹಾಡನ್ನು ಪ್ಲೇಟಿಗಿಳಿಸಲು ಬೇರೆ ಯಾರು ಮುಂದೆ ಬಂದಿದ್ದರು? ಅನುಕರಣೆಯಿಂದ ಆರಂಭಿಸದೆ ಕಲಿತವರಾದರೂ ಯಾರು? ಎರೆ ಹಾಕಿದವನ ಉದ್ದೇಶ ಏನೇ ಇರಲಿ, ಹಾಡಿದವರು ಮನಸ್ಸಿಟ್ಟು ಹಾಡಿದ್ದರು. ಆದುದರಿಂದ ಮಾವನವರಂಥವರು ಮಾಡುತ್ತಿರುವುದು ಉಪಕಾರವೆಂದೇ ನನ್ನ ಅಭಿಪ್ರಾಯ.

ನಮ್ಮಿಬ್ಬರಿಗೆ ಜಗಳ ಬಂದದ್ದು ಮತ್ತೊಂದು ವಿಷಯದಲ್ಲಿ. ಮಾವನವರು 1970ರ ಆ ಪ್ಲೇಟನ್ನು ಬಹಳ ಹಿಂದೆ ಚಿಕ್ಕಪೇಟೆಯ ಭಾನುವಾರದ ಸಂತೆಯಲ್ಲಿ ಹಳೆಯ ಚಿತ್ರಗೀತೆಗಳ ರಾಶಿಯ ನಡುವೆ ಕಂಡು ತಂದಿದ್ದರು. ತಂದ ದಿನ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬೀರುವಿಗೆ ಬೀಗ ಹಾಕಿದವರು ಒಮ್ಮೆಯೂ ಅದನ್ನು ಹಾಕಿ ಕೇಳಿರಲಿಲ್ಲ. ಕಳೆದ ದಸರಾ ರಜೆಯಲ್ಲಿ ಕೇಳಿಯೇಬಿಟ್ಟೆ.

"ಮುಳ್ಳು ಕೂತರೆ ಸವೆಯುತ್ತೆ ಕಣೋ. ಹೀಗೇ ಇದ್ದರೆ ಬೆಲೆ ಏರುತ್ತೆ" ಎಂದರು.

"ಮಾರುತ್ತೀರಾ ಮಾವ?"

"ಛೆ! ಎಲ್ಲಾದರೂ ಉಂಟೆ?"

"ಮಾರುವುದೂ ಇಲ್ಲ, ಕೇಳುವುದೂ ಇಲ್ಲ. ಹಾಗಾದರೆ ನೀವು ಕಾಪಾಡಿರುವುದು ಹಾಡನ್ನೋ ರಟ್ಟನ್ನೋ?"

ಮಾವನವರಿಗೆ ಕೋಪ ಬಂತು. ಆ ದಿನ ನನ್ನೊಡನೆ ಮಾತಾಡಲಿಲ್ಲ. ಮರುದಿನ ತಾವೇ ಹೊಸ ಮುಳ್ಳು ತಂದು, ಪ್ಲೇಟಿನ ದೂಳನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಯಂತ್ರದ ಮೇಲಿಟ್ಟರು. ಚಟಪಟ ಸದ್ದಿನ ಹಿಂದೆ ಬೆಂಗಳೂರಿನ ಹುಡುಗರ ಗಿಟಾರು ಕೇಳಿಸಿತು. ಅಂದು ಅವರೂ ಸುಮಾರಾಗಿ ನಮ್ಮ ವಯಸ್ಸಿನವರೇ ಇದ್ದಿರಬೇಕು. ಶ್ರುತಿ ಕೆಲವೆಡೆ ಅತ್ತಿತ್ತ ಸರಿಯಿತು. ಉತ್ಸಾಹ ಮಾತ್ರ ಸರಿಯಲಿಲ್ಲ. ಒಂದು ಮಗ್ಗುಲು ಮುಗಿಯಿತು. ಮಾವನವರು ಮೆಲ್ಲನೆ "ಮಗುಚಿ ಹಾಕು" ಎಂದರು.

ಅಪರೂಪವೆಂಬುದು ವಸ್ತುವಿಗೆ ತಾನಾಗಿ ಬಂದ ಗುಣವಲ್ಲ. ಉಳಿದವರ ಅಲಕ್ಷ್ಯದಿಂದ ಬಂದದ್ದು. ಅದಕ್ಕೇ ಪೂಜೆ ಸಲ್ಲಿಸಿ ಹಾಡನ್ನು ಬೀಗದೊಳಗಿಟ್ಟರೆ ಸಂಗ್ರಾಹಕನೂ ಎರಡನೆಯ ಬಾರಿ ಅದನ್ನು ಅಲಕ್ಷಿಸಿದಂತೆಯೇ. ಒಳ್ಳೆಯ ಮುಳ್ಳಿನಿಂದ ಒಮ್ಮೆ ಹಾಕಿ ಕೇಳಿದರೆ ಪ್ಲೇಟು ಕೆಟ್ಟುಹೋಗುವುದಿಲ್ಲ. ಸವೆದ ಮುಳ್ಳು, ದೂಳು, ಬಿಸಿಲು ಇವೇ ಅದರ ನಿಜವಾದ ಶತ್ರುಗಳು.

ಸಹಪಾಠಿ ಮಿತ್ರರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಮನೆಗಳ ಅಟ್ಟದಲ್ಲಿಯೂ ಹಳೆಯ ಪ್ಲೇಟುಗಳಿರಬಹುದು. ಗುಜರಿಯವನಿಗೆ ಹಾಕುವ ಮುನ್ನ ಹೆಸರುಗಳನ್ನು ಒಮ್ಮೆ ಓದಿ. ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿಡಿ. ನಮ್ಮ ವಿದ್ಯಾರ್ಥಿ ಸಂಘವು ವರ್ಷಕ್ಕೊಂದು ಸಂಜೆ ಅವನ್ನು ಕೇಳಿಸುವ ಏರ್ಪಾಡು ಮಾಡಿದರೆ ಹೆಚ್ಚಿನ ಖರ್ಚೇನೂ ಆಗದು. ಯಂತ್ರವನ್ನು ತಾವೇ ಹೊತ್ತು ತರುವುದಾಗಿ ಮಾವನವರು ಒಪ್ಪಿದ್ದಾರೆ. ಮುಳ್ಳನ್ನು ಮಾತ್ರ ಬೇರೆ ಯಾರೂ ಮುಟ್ಟಕೂಡದೆಂಬುದು ಅವರ ಷರತ್ತು.

— ಅಂತಿಮ ಬಿ.ಎ. ವಿದ್ಯಾರ್ಥಿ